ಹೆಬ್ಬಾಳದ ಎರಡು ಬೆಳೆ ಮತ್ತು ಮಕ್ಕಳ ಸಿಹಿ ಪಾಠ

ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವವರಿಗೆ ಹೆಬ್ಬಾಳವೆಂದರೆ ಇಂದು ಮೇಲ್ಸೇತುವೆ ಮತ್ತು ವಾಹನಗಳ ಸಾಲು. ಆದರೆ ನಮ್ಮ ಮಕ್ಕಳು ದಿನವೂ ತಿನ್ನುವ ಎರಡು ಪದಾರ್ಥಗಳ ಚರಿತ್ರೆಯಲ್ಲಿ ಈ ಊರಿಗೆ ವಿಶೇಷ ಸ್ಥಾನವಿದೆ. ಒಂದು ರಾಗಿ, ಇನ್ನೊಂದು ಸಕ್ಕರೆ. ಎರಡೂ ಇಲ್ಲಿನ ಒಂದೇ ಪ್ರಯೋಗಕ್ಷೇತ್ರದ ಮಣ್ಣಿನಲ್ಲಿ ವಿಜ್ಞಾನಿಗಳ ಗಮನಕ್ಕೆ ಬಂದ ಬೆಳೆಗಳು.

ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ, 1899ರಲ್ಲಿ, ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಗಳಿಗೆ ಬಿಟ್ಟುಕೊಡಲಾಯಿತು. ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಅಧ್ಯಯನ ಆರಂಭಿಸಿದವರು ರಸಾಯನ ವಿಜ್ಞಾನಿ ಲೇಮನ್. 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್ ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಅದು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು.

ಕೋಲ್‌ಮನ್ ಹೆಸರು ಹೇಳಿದರೆ ಅಡಿಕೆಯ ಕೊಳೆರೋಗ ನೆನಪಾಗುವುದು ಸಹಜ. ಆದರೆ ಬಡವರ ಧಾನ್ಯವಾದ ರಾಗಿಯನ್ನೂ ಅವರು ಅಷ್ಟೇ ಗಂಭೀರವಾಗಿ ಅಧ್ಯಯನ ಮಾಡಿದರು. ರಾಗಿಯ ಹೂವು ತೀರ ಸಣ್ಣದು. ತನ್ನ ಪರಾಗದಿಂದಲೇ ಫಲ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಎರಡು ತಳಿಗಳನ್ನು ಕೂಡಿಸುವುದು ಕಷ್ಟ. ಹೊಲದಲ್ಲಿ ಒಳ್ಳೆಯ ತೆನೆಗಳನ್ನು ಹುಡುಕಿ, ಅವುಗಳ ಬೀಜವನ್ನು ಬೇರೆಯಾಗಿ ಬೆಳೆಸಿ ನೋಡುವುದೇ ಆಗಿನ ಮುಖ್ಯ ದಾರಿ. 1918ರ ಎಚ್-22 ಆ ಕಾಲದ ರಾಗಿ ತಳಿ.

ಇದೇ ಇಲಾಖೆ ಕಬ್ಬಿನ ಕೆಲಸವನ್ನೂ ಕೈಗೆತ್ತಿಕೊಂಡಿತು. ಎಚ್.ಎಂ. 320ರಂಥ ಕಬ್ಬಿನ ತಳಿಗಳ ಹೆಸರಿನಲ್ಲಿರುವ ಅಕ್ಷರಗಳು ಹೆಬ್ಬಾಳ ಮತ್ತು ಮೈಸೂರುಗಳನ್ನು ಸೂಚಿಸುತ್ತವೆ. ಆಗ ಭಾರತಕ್ಕೆ ಬಿಳಿ ಸಕ್ಕರೆ ಹೆಚ್ಚಾಗಿ ಬರುತ್ತಿದ್ದುದು ಜಾವಾದಿಂದ. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ಮೇಲೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. 30ರ ಆಸುಪಾಸಿನಲ್ಲಿದ್ದ ಅವುಗಳ ಸಂಖ್ಯೆ ಐದಾರು ವರ್ಷಗಳಲ್ಲಿ 130ನ್ನು ದಾಟಿತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದ ಮಂಡ್ಯದಲ್ಲಿ 1933ರ ಜನವರಿಯಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದಿನ ಮುಖ್ಯ ಶಕ್ತಿಗಳಲ್ಲಿ ಕೋಲ್‌ಮನ್ ಒಬ್ಬರು.

ಆ ಕಾಲದ ಪ್ರಶ್ನೆ ಏನಿತ್ತೆಂಬುದನ್ನು ಗಮನಿಸಬೇಕು. ಸಕ್ಕರೆ ಸಾಲದು, ಆಹಾರವೇ ಸಾಲದು ಎಂಬುದು ಆಗಿನ ಚಿಂತೆ. ಸಿಹಿ ಎಂದರೆ ಹಬ್ಬ. ಸಂಕ್ರಾಂತಿಗೆ ಸಕ್ಕರೆ ಅಚ್ಚು, ಯುಗಾದಿಗೆ ಒಬ್ಬಟ್ಟು, ಬಿಸಿಲಲ್ಲಿ ಬಂದ ನೆಂಟರಿಗೆ ಒಂದು ಚೂರು ಬೆಲ್ಲ ಮತ್ತು ತಂಬಿಗೆ ನೀರು. ಸ್ವಾತಂತ್ರ್ಯಾನಂತರವೂ ಎಷ್ಟೋ ದಶಕ ಸಕ್ಕರೆ ಪಡಿತರದ ವಸ್ತುವಾಗಿತ್ತು. ಕಾರ್ಖಾನೆಗಳು ಒಂದು ಪಾಲನ್ನು ಕಡ್ಡಾಯವಾಗಿ ಸರ್ಕಾರಕ್ಕೆ ಕೊಡಬೇಕೆಂಬ ಲೆವಿ ಪದ್ಧತಿ ನಿಂತದ್ದು 2013ರಲ್ಲಿ. ಹೀಗೆ ಕೊರತೆಯಲ್ಲಿ ಬೆಳೆದ ಅಜ್ಜ, ಅಜ್ಜಿ, ತಂದೆ, ತಾಯಿ ಮಕ್ಕಳಿಗೆ ಪ್ರೀತಿ ತೋರಿಸುವುದು ಸಿಹಿಯಿಂದಲೇ. “ಹಟ ಮಾಡಬೇಡ ಕಂದಾ, ಚಾಕೊಲೇಟ್ ಕೊಡಿಸ್ತೀನಿ” ಎಂಬ ಮಾತು ಆರ್.ಟಿ. ನಗರದಲ್ಲಿರಲಿ, ಯಶವಂತಪುರದಲ್ಲಿರಲಿ, ಯಾವ ಮನೆಯಲ್ಲಿ ಕೇಳಿಸುವುದಿಲ್ಲ? ಕಾಲ ಬದಲಾಗಿದೆ. ಪಾಠ ಮಾತ್ರ ಹಳೆಯದೇ ಉಳಿದಿದೆ.

ಕೊರತೆಯ ಆ ಕಾಲದಲ್ಲಿ ಎಳೆಯ ಮಕ್ಕಳಿಗೆ ಏನು ತಿನ್ನಿಸುತ್ತಿದ್ದರು? ಹಳೇ ಮೈಸೂರಿನ ಮನೆಗಳಲ್ಲಿ ಅದಕ್ಕೆ ಉತ್ತರ ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಮಾಡುವ ಹಿಟ್ಟು ಅದು. ಈ ಕೆಲಸದಲ್ಲಿ ಒಳ್ಳೆಯ ರಸಾಯನ ವಿಜ್ಞಾನ ಅಡಗಿದೆ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸಿ ಮಾಲ್ಟೋಸ್‌ನಂಥ ಸಣ್ಣ ಶರ್ಕರಗಳನ್ನಾಗಿ ಮಾಡುತ್ತದೆ. ಇದರಿಂದ ಎರಡು ಲಾಭ. ಗಂಜಿ ಅಂಟಂಟಾಗದೆ ತೆಳುವಾಗುವುದರಿಂದ ಪುಟ್ಟ ಹೊಟ್ಟೆಗೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಸೇರುತ್ತದೆ. ಜೊತೆಗೆ, ಮೇಲಿನಿಂದ ಸಕ್ಕರೆ ಹಾಕದಿದ್ದರೂ ನಾಲಗೆಗೆ ನಸುಸಿಹಿ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂವರೆಗೆ ಕ್ಯಾಲ್ಸಿಯಂ ಇರುವುದು ಬೇರೆ ಮಾತು. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಂಗಡಿಗರು ಈ ಮೊಳಕೆ ಹಿಟ್ಟಿನ ಗುಣಗಳನ್ನು ಕ್ರಮವಾಗಿ ಪರೀಕ್ಷಿಸಿ, ಶಿಶು ಆಹಾರ ತಯಾರಿಕೆಗೆ ಅಳವಡಿಸಿದರು.

ಇದೇ ತಂತ್ರವನ್ನು ಅಮೆರಿಕದಲ್ಲಿ ಬಾರ್ಲಿಗೆ ಬಳಸಿ ಹಾರ್ಲಿಕ್ಸ್ ಸಹೋದರರು 1873ರಲ್ಲಿ ಉದ್ಯಮ ಕಟ್ಟಿದರು. 1948ರಲ್ಲಿ ಬೋರ್ನ್‌ವಿಟಾ ಭಾರತಕ್ಕೆ ಬಂತು. ಮಾಲ್ಟ್ ಎಂಬ ಪದ ಶಕ್ತಿಯ ಗುರುತಾಯಿತು. ಕಾಳಿನಿಂದ ಬರುವ ಸಿಹಿಗೆ ಬಟ್ಟಲಿನಲ್ಲಿ ಸಕ್ಕರೆಯೂ ಜೊತೆಯಾದದ್ದು ಅನೇಕ ತಾಯಂದಿರ ಗಮನಕ್ಕೆ ಬರಲಿಲ್ಲ. ಇಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಲ್ಲಿ ತೋರಿಸಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿದ್ದು 2024ರ ಏಪ್ರಿಲ್‌ನಲ್ಲಿ.

ಎಳವೆಯ ಸಕ್ಕರೆ ಮುಂದಿನ ಬದುಕನ್ನು ಎಷ್ಟು ತಟ್ಟುತ್ತದೆ? ಇದಕ್ಕೆ ಇತಿಹಾಸವೇ ಒಂದು ಪ್ರಯೋಗ ಮಾಡಿಕೊಟ್ಟಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಗೆ ಪಡಿತರ ಬಂತು. ಅದು ಮುಗಿದದ್ದು 1953ರ ಸೆಪ್ಟೆಂಬರ್‌ನಲ್ಲಿ. ಆ ದಿನಾಂಕಕ್ಕೆ ಸ್ವಲ್ಪ ಮೊದಲು ಮತ್ತು ಸ್ವಲ್ಪ ನಂತರ ಹುಟ್ಟಿದವರ ಆರೋಗ್ಯವನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭದಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷಗಳಲ್ಲಿ ಪಡಿತರದ ಮಿತ ಸಕ್ಕರೆ ಕಂಡವರಿಗೆ ಮುಂದೆ ಎರಡನೇ ಬಗೆಯ ಮಧುಮೇಹದ ಸಂಭವ ಸುಮಾರು ಶೇಕಡ 35ರಷ್ಟು, ಅಧಿಕ ರಕ್ತದೊತ್ತಡದ ಸಂಭವ ಸುಮಾರು ಶೇಕಡ 20ರಷ್ಟು ಕಡಿಮೆ. ಅವರು ಸಕ್ಕರೆಯನ್ನು ಪೂರ್ತಿ ಬಿಟ್ಟವರೇನಲ್ಲ. ಮಿತಿಯಲ್ಲಿ ತಿಂದವರು, ಅಷ್ಟೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಹಾರ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಸೇರಿಸಬೇಡಿ ಎನ್ನುತ್ತದೆ. 2025ರ ಮೇ ತಿಂಗಳಲ್ಲಿ ಸಿ.ಬಿ.ಎಸ್.ಇ. ತನ್ನ ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕಬೇಕೆಂದು ಆದೇಶಿಸಿತು. ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇಕಡ 5ರೊಳಗಿರಬೇಕು, ಆದರೆ 4ರಿಂದ 10 ವರ್ಷದ ಮಕ್ಕಳಲ್ಲಿ ಅದು ಶೇಕಡ 13ರಷ್ಟಿದೆ ಎಂಬುದು ಆ ಆದೇಶ ಕೊಟ್ಟ ಕಾರಣ.

ಫಲಕ ಒಳ್ಳೆಯದೇ. ಆದರೆ ಒಂದನೇ ತರಗತಿಯ ಮಗುವಿಗೆ ಶೇಕಡ 5 ಎಂದರೇನು ಗೊತ್ತು? ಲೆಕ್ಕವನ್ನು ಶಿಕ್ಷಕರು ಮಾಡಿಕೊಂಡು, ಮಗುವಿಗೆ ಚಮಚದಲ್ಲಿ ತೋರಿಸಬೇಕು. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕಿಲೋಕ್ಯಾಲೊರಿ ಬೇಕು. ಅದರ ಶೇಕಡ 5 ಎಂದರೆ 68. ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲೊರಿಯಂತೆ 17 ಗ್ರಾಂ, ಅಂದರೆ ಮೂರೂವರೆ ಚಹಾ ಚಮಚ. ಹಣ್ಣಿನ ಪಾನೀಯದ ಪೊಟ್ಟಣದ ಮೇಲೆ 100 ಮಿಲಿಲೀಟರಿಗೆ 12 ಗ್ರಾಂ ಎಂದು ಬರೆದಿದ್ದರೆ, 200 ಮಿಲಿಲೀಟರಿನ ಒಂದು ಪೊಟ್ಟಣದಲ್ಲೇ 24 ಗ್ರಾಂ ಆಯಿತು. ಖಾಲಿ ಲೋಟಕ್ಕೆ ಚಮಚದಿಂದ ಸಕ್ಕರೆ ಸುರಿಯುತ್ತ ಎಣಿಸಿದರೆ ಮಕ್ಕಳು ತಾವೇ “ಅಬ್ಬಾ!” ಎನ್ನುತ್ತಾರೆ.

ಬೆಲ್ಲ ಹಾಕಿದರೆ ದೋಷವಿಲ್ಲ ಎಂಬ ನಂಬಿಕೆಯನ್ನೂ ಇಲ್ಲಿ ತಿದ್ದಬೇಕು. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶ ಇರುವುದು ನಿಜ, ಆದರೆ ಅದರ ಹೆಚ್ಚಿನ ಪಾಲು ಸಕ್ಕರೆಯೇ. ಹಾಗೆಯೇ ಸಕ್ಕರೆಯನ್ನು ವಿಷವೆಂದು ಹೇಳಿ ಮಗುವನ್ನು ಹೆದರಿಸುವುದೂ ತಪ್ಪು. ಹಬ್ಬದ ಒಬ್ಬಟ್ಟಿಗೆ ಯಾರ ತಕರಾರೂ ಇರಬೇಕಿಲ್ಲ. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಗೆ ನಡೆದ ಪ್ರಯೋಗಗಳು, ಊಟದ ನಡುವೆ ಮತ್ತೆ ಮತ್ತೆ ಜಗಿಯುವ ಅಂಟುಮಿಠಾಯಿ ಹಲ್ಲನ್ನು ಹೆಚ್ಚು ಹಾಳುಮಾಡುತ್ತದೆ ಎಂದು ತೋರಿಸಿದವು. ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರ ಒಪ್ಪಿಗೆಯಿಲ್ಲದೆ ನಡೆದ ಆ ಪ್ರಯೋಗ ಖಂಡನೀಯ. ಅದರಿಂದ ತಿಳಿದ ಸಂಗತಿ ಮಾತ್ರ ಇಂದಿಗೂ ನಿಂತಿದೆ.

ಮೊಳಕೆ ರಾಗಿಯ ಗುಟ್ಟನ್ನು ತರಗತಿಯಲ್ಲೇ ತೋರಿಸಬಹುದು. ಸಾಮಾನ್ಯ ರಾಗಿ ಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ ಎರಡು ಬಟ್ಟಲಿಗೆ ಹಾಕಿ. ಬೆರಳಿಗೆ ತಾಳುವಷ್ಟು ಬಿಸಿಗೆ ಇಳಿದಾಗ ಒಂದಕ್ಕೆ ಮೊಳಕೆ ರಾಗಿಯ ಹಸಿ ಹಿಟ್ಟನ್ನು ಒಂದು ಚಮಚ ಬೆರೆಸಿ, ಹತ್ತು ಹದಿನೈದು ನಿಮಿಷ ಬಿಡಿ. ಹುರಿದ ಹಿಟ್ಟು ಬೇಡ, ಹೆಚ್ಚು ಕಾವಿಗೆ ಕಿಣ್ವ ಕೆಡುತ್ತದೆ. ಮೊದಲನೆಯ ಬಟ್ಟಲಿನಲ್ಲಿ ಚಮಚ ನಿಂತೇ ಇರುತ್ತದೆ, ಎರಡನೆಯದರಲ್ಲಿ ಗಂಜಿ ಹರಿಯತೊಡಗುತ್ತದೆ. ಆಮೇಲೆ ಎರಡನ್ನೂ ಮತ್ತೊಮ್ಮೆ ಕುದಿಸಿ, ಆರಿಸಿ, ಮಕ್ಕಳಿಗೆ ರುಚಿ ನೋಡಲು ಕೊಡಿ. ಯಾವುದು ಸಿಹಿ ಎಂದು ಅವರೇ ಹೇಳಲಿ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಅಲ್ಲಿಯವರೆಗೆ ತೆರೆಯಬೇಡಿ.