ಸಮುದ್ರತಳದ ವಿಪರೀತ ಸ್ಥಿತಿಗಳು

ಸಮುದ್ರದ ನೆಲಕ್ಕೆ ತಾಗಿದ ನೀರಿನ ಪದರದಲ್ಲಿ ತಾಪ, ಆಮ್ಲೀಯತೆ ಇಲ್ಲವೇ ಆಮ್ಲಜನಕದ ಪ್ರಮಾಣ ಆ ಜಾಗಕ್ಕೂ ಋತುವಿಗೂ ವಾಡಿಕೆಯಾದ ಮಟ್ಟದಿಂದ ಬಹಳ ಆಚೀಚೆಯಾಗಿ, ದಿನಗಟ್ಟಲೆ ಅಥವಾ ತಿಂಗಳುಗಟ್ಟಲೆ ಹಾಗೆಯೇ ಉಳಿಯುವುದನ್ನು ಸಮುದ್ರತಳದ ವಿಪರೀತ ಸ್ಥಿತಿ ಎನ್ನುತ್ತಾರೆ. ತಳದ ಉಷ್ಣ ಅಲೆ, ತೀವ್ರ ಆಮ್ಲೀಯತೆ, ಆಮ್ಲಜನಕದ ಕೊರತೆ ಇದರ ಮುಖ್ಯ ಬಗೆಗಳು. ಏಡಿ, ಸೀಗಡಿ, ಚಿಪ್ಪುಜೀವಿ, ನಂಗು ಮೀನಿನಂಥ ತಳವಾಸಿಗಳಿಗೆ ಇವುಗಳ ಪೆಟ್ಟು ನೇರವಾಗಿ ತಗಲುತ್ತದೆ. ಮೇಲ್ಮೈ ನೀರು ಎಂದಿನಂತೆಯೇ ಇರುವಾಗಲೂ ತಳದಲ್ಲಿ ಇಂಥ ಸ್ಥಿತಿ ತಲೆದೋರಬಹುದಾದ್ದರಿಂದ ಇದರ ಅಧ್ಯಯನ ಪ್ರತ್ಯೇಕ ಕ್ಷೇತ್ರವಾಗಿ ಬೆಳೆಯುತ್ತಿದೆ.

ಹಿನ್ನೆಲೆ

ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಉಳಿದುಹೋದ ಹೆಚ್ಚುವರಿ ಶಾಖದಲ್ಲಿ ಶೇ 90ರಷ್ಟು ಸಾಗರವನ್ನು ಸೇರಿದೆ. ಮನುಷ್ಯರು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗವನ್ನೂ ಸಾಗರವೇ ಹೀರಿಕೊಂಡಿದೆ. ಕೈಗಾರಿಕಾ ಯುಗಕ್ಕೆ ಮುಂಚೆ 8.2ರ ಆಸುಪಾಸಿನಲ್ಲಿದ್ದ ಮೇಲ್ಮೈ ನೀರಿನ ಪಿಎಚ್ ಈಗ 8.1ರ ಹತ್ತಿರಕ್ಕೆ ಇಳಿದಿದೆ. ಪಿಎಚ್ ಲಾಗರಿದಮ್ ಮಾನವಾದ್ದರಿಂದ, ನೋಡಲು ಚಿಕ್ಕದಾದ ಈ ಇಳಿಕೆಯು ಜಲಜನಕ ಅಯಾನುಗಳು ಶೇ 25ಕ್ಕೂ ಹೆಚ್ಚಾಗಿರುವುದನ್ನು ತೋರಿಸುತ್ತದೆ. 1960ರಿಂದ ಐವತ್ತು ವರ್ಷಗಳಲ್ಲಿ ಸಾಗರದ ಒಟ್ಟು ಆಮ್ಲಜನಕ ಸುಮಾರು ಶೇ 2ರಷ್ಟು ಕುಗ್ಗಿದೆ. ಈ ನಿಧಾನ ಬದಲಾವಣೆಯ ಮೇಲೆ ಎಲ್ ನಿನೊದಂಥ ಸಹಜ ಏರುಪೇರು ಬಂದು ಕೂಡಿದಾಗ ಪರಿಸ್ಥಿತಿ ಮಿತಿ ಮೀರುತ್ತದೆ.

ಅಳತೆಗೋಲು

2016ರಲ್ಲಿ ಅಲಿಸ್ಟೇರ್ ಹಾಬ್‌ಡೇ ಮತ್ತು ಸಂಗಡಿಗರು ಕೊಟ್ಟ ವ್ಯಾಖ್ಯೆ ಈಗ ಹೆಚ್ಚು ಬಳಕೆಯಲ್ಲಿದೆ. ಒಂದು ಸ್ಥಳದಲ್ಲಿ ವರ್ಷದ ಆಯಾ ಕಾಲಕ್ಕೆ ದಾಖಲಾದ ತಾಪಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ಶೇ 90ರ ಗೆರೆ ಎಲ್ಲಿ ಬರುತ್ತದೋ ಅದನ್ನು ದಾಟಿ, ಕನಿಷ್ಠ 5 ದಿನ ಸತತವಾಗಿ ನಿಂತ ಬಿಸಿಯೇ ಸಾಗರದ ಉಷ್ಣ ಅಲೆ. ಹೋಲಿಕೆಗೆ ಸಾಮಾನ್ಯವಾಗಿ 30 ವರ್ಷಗಳ ದಾಖಲೆ ಬೇಕು. ಆಮ್ಲಜನಕಕ್ಕೆ ಲೀಟರಿಗೆ 2 ಮಿಲಿಗ್ರಾಂ ಎಂಬ ಮಿತಿ ರೂಢಿಯಲ್ಲಿದೆ. ಅದಕ್ಕಿಂತ ಕಡಿಮೆಯಾದರೆ ಬಹಳಷ್ಟು ಮೀನುಗಳು ಜಾಗ ಬಿಡುತ್ತವೆ, ನಿಧಾನವಾಗಿ ಚಲಿಸುವ ಜೀವಿಗಳು ಸಿಕ್ಕಿಬೀಳುತ್ತವೆ.

ಉಂಟಾಗುವ ಬಗೆ

ಆಳ ಕಡಿಮೆಯಿರುವೆಡೆ ಗಾಳಿ ನೀರನ್ನು ತಳದವರೆಗೂ ಕಲಕುವುದರಿಂದ ಮೇಲಿನ ಬಿಸಿ ಕೆಳಗೂ ಮುಟ್ಟುತ್ತದೆ. ಆಳ ಹೆಚ್ಚಿದಂತೆ ಮೇಲಿನ ಪದರಕ್ಕೂ ತಳಕ್ಕೂ ನಂಟು ಸಡಿಲವಾಗುತ್ತದೆ. ಅಲ್ಲಿ ಬಿಸಿ ನೀರನ್ನು ತರುವುದು ಪ್ರವಾಹಗಳು. ಆಮ್ಲಜನಕದ ಕತೆ ಬೇರೆ. ಬೆಚ್ಚಗಿನ, ಹಗುರ ನೀರು ಮೇಲೆ ಮುಚ್ಚಳದಂತೆ ಕೂತರೆ ತಳಕ್ಕೆ ಹೊಸ ಆಮ್ಲಜನಕ ಇಳಿಯುವುದಿಲ್ಲ. ಮೇಲಿಂದ ಉದುರುವ ಸತ್ತ ಪ್ಲವಕಗಳನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನೂ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹೀಗಾಗಿ ಆಮ್ಲಜನಕದ ಕೊರತೆಯೂ ಆಮ್ಲೀಯತೆಯೂ ಹಲವೆಡೆ ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ.

ಅಧ್ಯಯನ ವಿಧಾನ

ಉಪಗ್ರಹಗಳು ಅಳೆಯಬಲ್ಲ ತಾಪ ಸಮುದ್ರದ ಮೇಲ್ಮೈಯದು ಮಾತ್ರ. ಸುಮಾರು 4,000ದಷ್ಟಿರುವ ಆರ್ಗೊ ತೇಲುಯಂತ್ರಗಳು 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತ ತಾಪ, ಲವಣತೆ ಅಳೆಯುತ್ತವೆ. ಆದರೆ ಮೀನುಗಾರಿಕೆ ದಟ್ಟವಾಗಿರುವ, ಆಳ ಕಡಿಮೆಯಿರುವ ಖಂಡಾವರಣ ಪ್ರದೇಶಕ್ಕೆ ಅವು ಹೊಂದುವುದಿಲ್ಲ. ಅಲ್ಲಿ ಹಡಗಿನಿಂದ ಇಳಿಬಿಡುವ ಉಪಕರಣಗಳು, ತಳಕ್ಕೆ ಲಂಗರು ಹಾಕಿದ ಮಾಪಕಗಳು, ಸಮೀಕ್ಷೆಯ ಟ್ರಾಲ್ ಬಲೆಗೇ ಕಟ್ಟಿದ ಉಷ್ಣಮಾಪಕಗಳು ಆಧಾರ. ಚೆದುರಿದ ಈ ಅಳತೆಗಳನ್ನು ಕಂಪ್ಯೂಟರ್ ಮಾದರಿಯೊಡನೆ ಬೆಸೆದು ಹಿಂದಿನ ವರ್ಷಗಳ ಚಿತ್ರವನ್ನು ಮರುಕಟ್ಟುತ್ತಾರೆ. ಅಮೆರಿಕದ ಡಿಲನ್ ಅಮಾಯಾ ಮತ್ತು ಸಹಸಂಶೋಧಕರು 2023ರಲ್ಲಿ ಉತ್ತರ ಅಮೆರಿಕದ ಖಂಡಾವರಣ ಪ್ರದೇಶವನ್ನು ಹೀಗೆ ಪರಿಶೀಲಿಸಿದರು. ತಳದ ಉಷ್ಣ ಅಲೆಗಳು ಮೇಲಿನವುಗಳಿಗಿಂತ ತೀವ್ರವಾಗಿದ್ದು ಹೆಚ್ಚು ದಿನ ನಿಲ್ಲಬಲ್ಲವು, ಕೆಲವೊಮ್ಮೆ ಮೇಲೆ ಸುಳಿವೇ ಇಲ್ಲದೆ ಬರುತ್ತವೆ ಎಂದು ಅವರು ತೋರಿಸಿದರು.

ಬೇರಿಂಗ್ ಸಮುದ್ರದ ಹಿಮ ಏಡಿ

ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದಲ್ಲಿ ಚಳಿಗಾಲದ ಮಂಜುಗಡ್ಡೆ ಕಟ್ಟುವಾಗ ಉಪ್ಪು ಹೊರದೂಡಲ್ಪಟ್ಟು, ಭಾರವಾದ ತಣ್ಣೀರು ತಳ ಸೇರುತ್ತದೆ. ಬೇಸಿಗೆಯಲ್ಲೂ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಉಳಿಯುವ ಈ ನೀರಿಗೆ ‘ಶೀತಕೊಳ’ ಎನ್ನಬಹುದು. ಎಳೆಯ ಹಿಮ ಏಡಿಗಳಿಗೆ ಇದೇ ಆಸರೆ. ಅವನ್ನು ತಿನ್ನುವ ಕಾಡ್ ಮೀನು ಅಷ್ಟು ಚಳಿಗೆ ಬರುವುದಿಲ್ಲ. 2017–18ರ ಚಳಿಗಾಲದಲ್ಲಿ ಮಂಜುಗಡ್ಡೆ ದಾಖಲೆಯ ಮಟ್ಟಕ್ಕೆ ಕುಸಿದು, ಶೀತಕೊಳ ಬಹುಮಟ್ಟಿಗೆ ಮಾಯವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ 1,000 ಕೋಟಿಗೂ ಹೆಚ್ಚು ಏಡಿಗಳು ಇಲ್ಲವಾದವು. 2022ರಲ್ಲಿ ಅಲ್ಲಿನ ಹಿಮ ಏಡಿ ಹಿಡಿಯುವಿಕೆಯನ್ನು ಮೊದಲ ಬಾರಿಗೆ ನಿಲ್ಲಿಸಲಾಯಿತು. ಆ ನೀರಿನ ಬಿಸಿ ಏಡಿ ತಡೆದುಕೊಳ್ಳಲಾಗದಷ್ಟೇನೂ ಇರಲಿಲ್ಲ. ಆದರೆ ನೀರಿನ ತಾಪ 0 ಡಿಗ್ರಿಯಿಂದ 3 ಡಿಗ್ರಿಗೆ ಏರಿದರೆ ಏಡಿಯ ಆಹಾರದ ಅಗತ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಂಖ್ಯೆಯೂ ಹೆಚ್ಚಿದ್ದ ಏಡಿಗಳು ಇಕ್ಕಟ್ಟಿನಲ್ಲಿ ಹಸಿವಿನಿಂದ ಸತ್ತಿರಬೇಕೆಂದು 2023ರ ಇನ್ನೊಂದು ಅಧ್ಯಯನ ಹೇಳಿತು.

ಭಾರತದ ಪಶ್ಚಿಮ ಕರಾವಳಿ

ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಆಳದ, ಆಮ್ಲಜನಕ ಕಡಿಮೆಯಿರುವ ತಣ್ಣೀರು ಕೇರಳ, ಕರ್ನಾಟಕ, ಗೋವಾ ಕರಾವಳಿಯ ಖಂಡಾವರಣ ಪ್ರದೇಶಕ್ಕೆ ಏರಿ ಬರುತ್ತದೆ. ಮಳೆ ಮತ್ತು ನದಿಗಳ ಸಿಹಿನೀರು ಅದರ ಮೇಲೆ ಮುಚ್ಚಳವಾಗುತ್ತದೆ. ಮೀನುಗಾರಿಕೆಯ ನಿಷೇಧ ಮುಗಿದು ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಗಳು ಆಗಸ್ಟ್‌ನಲ್ಲಿ ಕಡಲಿಗಿಳಿಯುವ ಹೊತ್ತಿಗೆ ತಳದ ಆಮ್ಲಜನಕ ಇಳಿಯುತ್ತಲೇ ಇರುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊರತೆ ತುತ್ತತುದಿ ಮುಟ್ಟುತ್ತದೆ; ಗೋವಾದ ಬಳಿ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಕಂಡಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಜಗತ್ತಿನ ಗಮನಕ್ಕೆ ತಂದರು. ಇದು ಮೂಲತಃ ಸಹಜ ವಿದ್ಯಮಾನ. ಮಾನವ ಚಟುವಟಿಕೆಯ ಪಾಲೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಗೋವಾದ ಕಾಂಡೋಲಿಂ ಎದುರಿನ ಕಡಲಲ್ಲಿ 1990ರ ದಶಕದಿಂದ ಒಂದೇ ಜಾಗದಲ್ಲಿ ನಡೆದಿರುವ ಅಳತೆಗಳಿಗೆ ಬೆಲೆ ಬಂದಿರುವುದು ಈ ಕಾರಣಕ್ಕೆ.

ಮಿತಿಗಳು

ಜಾಗತಿಕ ಹವಾಮಾನ ಮಾದರಿಗಳ ಚೌಕಗಳು ಅನೇಕ ಬಾರಿ ಸುಮಾರು 100 ಕಿಲೋಮೀಟರ್ ಅಗಲವಿದ್ದು, ಕಿರಿದಾದ ಖಂಡಾವರಣ ಪ್ರದೇಶ ಅವುಗಳಲ್ಲಿ ಸರಿಯಾಗಿ ಮೂಡುವುದಿಲ್ಲ. ಅದಕ್ಕಾಗಿ ಸೂಕ್ಷ್ಮ ಪ್ರಾದೇಶಿಕ ಮಾದರಿಗಳನ್ನು ಬಳಸುತ್ತಾರೆ. ಹೋಲಿಕೆಯ 30 ವರ್ಷಗಳನ್ನು ಸ್ಥಿರವಾಗಿಡಬೇಕೇ, ಕಾಲದೊಂದಿಗೆ ಸರಿಸಬೇಕೇ ಎಂಬ ಚರ್ಚೆಯೂ ಇದೆ: ಸ್ಥಿರವಾಗಿಟ್ಟರೆ ಮುಂದೊಂದು ದಿನ ವರ್ಷವಿಡೀ ಉಷ್ಣ ಅಲೆಯೇ ಆಗಿಬಿಡುತ್ತದೆ, ಸರಿಸಿದರೆ ತಾಪದ ನಿಧಾನ ಏರಿಕೆ ಲೆಕ್ಕದಿಂದ ಜಾರುತ್ತದೆ.