ವಂಕಿ ಮತ್ತು ಕೇಳದೆ ಉಳಿದ ಪ್ರಶ್ನೆಗಳು

1930ರ ಜೂನ್ 11ರಂದು ಮೈಸೂರು ಸಂಸ್ಥಾನದ ಸರ್ಕಾರ ಒಂದು ಆದೇಶ ಹೊರಡಿಸಿತು. ಸಂಸ್ಥಾನದ ನಾಲ್ಕು ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಬೇಕೆಂಬುದು ಅದರ ಸಾರ. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ತಾನೇ ಮುಂದಾದದ್ದು ಅದೇ ಮೊದಲು ಎನ್ನಲಾಗುತ್ತದೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮುಸ್ಲಿಮರಿಗೂ ಕುಟುಂಬ ಯೋಜನೆಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ವೇದಿಕೆಯ ಮೇಲೆ ಗುಡುಗುವವರಿಗೂ, ಅದನ್ನು ಹೌದೆಂದೇ ನಂಬಿರುವ ನಮ್ಮವರಿಗೂ ಈ ಹೆಸರು ನೆನಪಾಗುವುದಿಲ್ಲ.

ನಮ್ಮ ಪರಂಪರೆಯಲ್ಲಿ ಈ ಮಾತು ಹೊಸದೇನಲ್ಲ. ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ಸಹಾಬಿಗಳು 'ಅಝ್ಲ್' ಮಾಡುತ್ತಿದ್ದರೆಂದು ಜಾಬಿರ್ ಅವರ ಹದೀಸ್ ಹೇಳುತ್ತದೆ. ಹೆರಿಗೆಯ ಅಪಾಯದಿಂದ ಹೆಂಡತಿಯ ಜೀವ ಕಾಯುವುದನ್ನು ಇಮಾಮ್ ಗಝಾಲಿ ಅದಕ್ಕೆ ಒಪ್ಪತಕ್ಕ ಕಾರಣವೆಂದರು. ಹೆಂಡತಿಯ ಒಪ್ಪಿಗೆ ಬೇಕೆಂದೂ ಅನೇಕ ಫಿಕ್ಹ್ ಪಂಡಿತರು ಬರೆದರು. ಅವಳನ್ನು ಕೇಳಬೇಕು ಎಂಬ ಈ ಸಣ್ಣ ಮಾತನ್ನೇ ಆಮೇಲಿನ ಚರಿತ್ರೆ ಮರೆತದ್ದು.

ಸ್ವಾತಂತ್ರ್ಯಾನಂತರ, 1952ರ ಹೊತ್ತಿಗೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋದಿ ಕಾಲೊನಿಯಲ್ಲೂ ನಮ್ಮ ಪಕ್ಕದ ರಾಮನಗರದಲ್ಲೂ 'ಸುರಕ್ಷಿತ ದಿನ'ಗಳ ಪ್ರಯೋಗ ನಡೆಯಿತು. ದಿನ ಎಣಿಸಲೆಂದು ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಕೊಟ್ಟರು. ಮಣಿ ಎಣಿಸುವುದು ಹೆಂಗಸಿನ ಕೈಯಲ್ಲಿತ್ತು, ಆ ರಾತ್ರಿ ಗಂಡನಿಗೆ ಬೇಡವೆನ್ನುವುದು ಇತ್ತೇ? ಪ್ರಯೋಗ ಫಲಿಸಲಿಲ್ಲ.

1965ರಲ್ಲಿ ಲೂಪ್ ಬಂತು. ಅಮೆರಿಕದ ವೈದ್ಯ ಜ್ಯಾಕ್ ಲಿಪ್ಪೆಸ್ ರೂಪಿಸಿದ, ಹಾವಿನಂತೆ ಸುರುಳಿಯಾದ ಪ್ಲಾಸ್ಟಿಕ್ ಸಾಧನ. ಕಾನ್ಪುರದಲ್ಲಿ ಅದಕ್ಕೊಂದು ಕಾರ್ಖಾನೆಯೇ ಎದ್ದಿತು. ನಮ್ಮ ಆರೋಗ್ಯ ಇಲಾಖೆಯ ಕನ್ನಡದಲ್ಲಿ ಅದು 'ವಂಕಿ' ಆಯಿತು. ತೋಳಿನ ಒಡವೆಯ ಹೆಸರು ಗರ್ಭಕೋಶಕ್ಕಿಳಿಯಿತು! ಶಿಬಿರಗಳು ನಡೆದವು, ಗುರಿಗಳು ಬಂದವು. ರಕ್ತಸ್ರಾವ ಹೆಚ್ಚಾಗಬಹುದು, ಸಾಧನ ಜಾರಿ ಬೀಳಬಹುದು ಎಂದು ಎಷ್ಟೋ ಕಡೆ ಮೊದಲೇ ಹೇಳಲಿಲ್ಲ. ಆಮೇಲೆ ನೋಡಿಕೊಳ್ಳುವವರೂ ಇರಲಿಲ್ಲ. ಎರಡು ಮೂರು ವರ್ಷಗಳಲ್ಲೇ ಲೂಪ್ ಹಾಕಿಸಿಕೊಳ್ಳುವವರ ಸಂಖ್ಯೆ ಇಳಿಯಿತು. ಸರ್ಕಾರ ವದಂತಿಗಳನ್ನು ದೂರಿತು. ಆದರೆ ಉತ್ತರ ಸಿಗದ ಪ್ರಶ್ನೆಯಲ್ಲದೆ ವದಂತಿ ಬೇರೆಲ್ಲಿ ಹುಟ್ಟುತ್ತದೆ?

ಆ ಪ್ರಶ್ನೆಗಳು ಇನ್ನೂ ಬದುಕಿವೆ. ಒಂದು ಕಾಲದ ಹಳ್ಳಿ, ಇಂದು ಬನಶಂಕರಿಯ ಬೀದಿಗಳಲ್ಲಿ ಕರಗಿಹೋಗಿರುವ ಇಟ್ಟಮಡುವಿನಲ್ಲೂ ಅವನ್ನು ಕೇಳಬಹುದು. "ಸಿಸ್ಟರ್, ಅದು ಮೇಲೆ ಹತ್ತಿ ಎದೆಗೆ ಹೋಗುತ್ತದಂತೆ?" ಹೋಗುವುದಿಲ್ಲ. ಅಪರೂಪಕ್ಕೆ, ಸಾವಿರದಲ್ಲಿ ಒಬ್ಬರಿಗೆ, ಹಾಕುವಾಗ ಗರ್ಭಕೋಶದ ಗೋಡೆಗೆ ಗಾಯವಾಗಿ ಸಾಧನ ಹೊಟ್ಟೆಯೊಳಗೆ ಸೇರುವುದುಂಟು, ಎದೆಗೆ ದಾರಿಯಿಲ್ಲ. "ಇದು ಗರ್ಭಪಾತವಲ್ಲವೇ?" ಇದು ನಮ್ಮ ಮನೆಗಳ ದೊಡ್ಡ ಅಂಜಿಕೆ. ತಾಮ್ರವು ಮುಖ್ಯವಾಗಿ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸಿ ಗರ್ಭ ಕಟ್ಟದಂತೆ ತಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ, ನೋವು ಹೆಚ್ಚುವುದು ಮಾತ್ರ ನಿಜ. ರಕ್ತಹೀನತೆಯಿರುವ ಹೆಣ್ಣುಮಕ್ಕಳು ಇಷ್ಟೊಂದು ಇರುವ ನಾಡಿನಲ್ಲಿ ಅದನ್ನು ಹಗುರವಾಗಿ ಕಾಣಬಾರದು.

2002ರಿಂದ ಸರ್ಕಾರ ಕೊಡುತ್ತಿರುವ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಆದರೂ ಕರ್ನಾಟಕದ ಹೆಂಗಸರು ಹೆಚ್ಚಾಗಿ ಹೋಗುವುದು ಹಿಂದೆ ಬರಲಾಗದ ದಾರಿಗೆ, ಆಪರೇಷನ್ನಿಗೆ. ವಂಕಿಯನ್ನಾದರೆ ಬೇಡವೆಂದ ದಿನ ತೆಗೆಸಬಹುದು, ಮತ್ತೆ ಬಸಿರಾಗಬಹುದು. ಹಾಕಿಸಲಿಕ್ಕೂ ತೆಗೆಸಲಿಕ್ಕೂ ಗಂಡನ ರುಜು ಬೇಕಿಲ್ಲ.