ಶಿಕ್ಷಕರಿಗೆ ಮುಕ್ತ ತಂತ್ರಾಂಶ: ಪೊವಾಯಿಯ ಪಾಠ, ಕನ್ನಡದ ದನಿ

ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಲು ಅನುಮತಿಯಿರುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಉಚಿತವಾಗಿ ದೊರೆಯುವುದೆಲ್ಲವೂ ಮುಕ್ತವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಲಿನಕ್ಸ್, ಲಿಬ್ರೆ ಆಫೀಸ್, ತರಗತಿ ನಿರ್ವಹಣೆಯ ಮೂಡಲ್ ಇವು ಈ ಬಗೆಯವು.

ಇವನ್ನು ಕಲಿಸುವ ಮಹತ್ತ್ವದ ಯೋಜನೆಯೊಂದು ನಮ್ಮ ಮುಂಬಯಿಯಲ್ಲಿಯೇ ಹುಟ್ಟಿತು. ಪೊವಾಯಿಯ ಐ.ಐ.ಟಿ.ಯಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದ 'ಸ್ಪೋಕನ್ ಟ್ಯುಟೋರಿಯಲ್' ಕೇಂದ್ರ ಸರಕಾರದ ನೆರವಿನಿಂದ ಬೆಳೆಯಿತು. ಪ್ರತಿಯೊಂದು ಪಾಠವೂ ಸುಮಾರು 10 ನಿಮಿಷಗಳದು. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ. ಕಲಿಯುವವರು ಪಾಠವನ್ನು ತಡೆತಡೆದು, ಕೇಳಿದ್ದನ್ನು ಕೂಡಲೇ ಮಾಡಿ ನೋಡಬೇಕು. ಪರದೆಯ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿಯೇ ಉಳಿದು, ವಿವರಣೆಯ ದನಿ ಮಾತ್ರ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬದಲಾಗುತ್ತದೆ. ಉದ್ಯೋಗಕ್ಕೆ ಬೇಕಾದ ಇಂಗ್ಲಿಷ್ ಪದಗಳೂ ಕಣ್ಣಿಗೆ ಬೀಳುತ್ತವೆ, ಅರ್ಥ ತಾಯಿನುಡಿಯಲ್ಲಿ ಮನಸ್ಸಿಗಿಳಿಯುತ್ತದೆ. ಪಾಠಗಳನ್ನು ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದ ಕೊಠಡಿಯಲ್ಲಿಯೂ ನಡೆಸಬಹುದು.

ನಮ್ಮ ಶಿಕ್ಷಕರ ತೊಡಕು ಬೇರೆಯದು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಬಳಸುವುದು ಮಹಾರಾಷ್ಟ್ರದ ಬಾಲಭಾರತಿ ಪ್ರಕಟಿಸುವ ಕನ್ನಡ ಪುಸ್ತಕಗಳನ್ನು. ಅಂತರ್ಜಾಲದಲ್ಲಿ ಸಿಗುವ ಕನ್ನಡ ಬೋಧನ ಸಾಮಗ್ರಿಯಾದರೋ ಬಹುಪಾಲು ಕರ್ನಾಟಕದ ಪಠ್ಯಕ್ರಮದ್ದು. ಗಣಿತ ಹೇಗೋ ಹೊಂದಿಕೊಳ್ಳುತ್ತದೆ. ನಾಲ್ಕನೆಯ ತರಗತಿಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕಲಿಸುವವರಿಗೆ ಬೆಂಗಳೂರಿನ ಪಾಠ ಒದಗದು.

ಇಲ್ಲಿಯೇ ಪರವಾನಗಿಯ ಮಾತು ಬರುವುದು. ಬ್ಯಾಂಕಿನಲ್ಲಿ ಸಾಲಪತ್ರಗಳ ಸಣ್ಣಕ್ಷರ ಓದಿ ಪಳಗಿದ ನಮಗೆ ಅದೇ ಮುಖ್ಯವಾಗಿ ಕಾಣುತ್ತದೆ. ಬೆಂಗಳೂರಿನ 'ಐ.ಟಿ. ಫಾರ್ ಚೇಂಜ್' ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯೊಡನೆ ರೂಪಿಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಮತ್ತು ಪೊವಾಯಿಯ ಪಾಠಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಮೂಲ ಕರ್ತೃಗಳ ಹೆಸರು ಹೇಳಿ, ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚುವುದಾದರೆ, ವಡಾಲದ ಶಿಕ್ಷಕಿಯೊಬ್ಬರು ಆ ಪಾಠವನ್ನು ತಮ್ಮ ತರಗತಿಗೆ ತಕ್ಕಂತೆ ಬದಲಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಬಾಲಭಾರತಿಯ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದಾದರೂ ಅವುಗಳಿಗೆ ಆ ಸ್ವಾತಂತ್ರ್ಯವಿಲ್ಲ.

ಕಾಸರಗೋಡಿನ ಕನ್ನಡ ಶಿಕ್ಷಕರಿಗೆ ಈ ವಿಷಯ ಹೊಸತಲ್ಲ. ಕೇರಳ ಸರಕಾರವೇ ಶಾಲೆಗಳಲ್ಲಿ ಲಿನಕ್ಸನ್ನು ನೆಲೆಗೊಳಿಸಿದೆ. ನಮ್ಮಲ್ಲಿ ಆಸಕ್ತ ಶಿಕ್ಷಕರು ತಾವಾಗಿಯೇ ತೊಡಗಬೇಕು.

ತೊಡಗುವವರಿಗೊಂದು ಸೂಚನೆ: ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿಟ್ಟ ಪ್ರಶ್ನೆಪತ್ರಿಕೆಗಳು ಆ ಶೈಲಿಯಿಲ್ಲದ ಗಣಕದಲ್ಲಿ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಒತ್ತಕ್ಷರಗಳು ಕೆಲವೊಮ್ಮೆ ತಪ್ಪುವುದರಿಂದ ಪರಿವರ್ತನೆಯ ಬಳಿಕ ಒಮ್ಮೆ ಕರಡು ತಿದ್ದುವುದು ಅವಶ್ಯ.